ಪೆಟ್ಟಿಗೆ

ಬಾಕಿ ದಿನ ನಾನು ಒಸಾಕಾದ ಆಸ್ಪತ್ರೆಯೊಂದರಲ್ಲಿ ದುಭಾಷಿ.
ಎಲ್ಲಿ ನೋವು, ಎಷ್ಟು ದಿನದಿಂದ,
ಒತ್ತಿದರೆ ಹೆಚ್ಚೋ, ಬಿಟ್ಟರೆ ಹೆಚ್ಚೋ.
ಬಿಸಾಯದಿಂದ ಜಪಾನಿಗೆ, ಜಪಾನಿಯಿಂದ ಬಿಸಾಯಕ್ಕೆ
ಇಪ್ಪತ್ತಾರು ವರ್ಷ ನೋವನ್ನು ಹೊತ್ತು ದಾಟಿಸಿದ್ದೇನೆ.
ಇವತ್ತು ರಜೆ ಹಾಕಿ ಬಂದಿದ್ದೇನೆ
ನೋವು ಇನ್ನೂ ಶುರುವಾಗದ ಕಡೆಗೆ.

ಹೋಟೆಲಿನ ಎರಡನೇ ಮಹಡಿ. ತೂಕದ ಯಂತ್ರ.
ಹಿಂದೆ ನೀಲಿ ಪರದೆ, ಅದರ ತುಂಬ
ಸೋಯಾ ಸಾಸಿನ ಕಂಪನಿಯ ಹೆಸರು.
ಎಡಕ್ಕೆ ಕುರೊಸೆ ರೆಂಜಿ, ಇಪ್ಪತ್ತಮೂರು,
ಕೂದಲಿಗೆ ದಾಸವಾಳದ ಬಣ್ಣ.
ಬಲಕ್ಕೆ ನಮ್ಮ ರೊಡೆಲಿಟೊ ಮಗ್ಬನುವಾ, ಮೂವತ್ನಾಲ್ಕು,
ಜನರಲ್ ಸ್ಯಾಂಟೋಸಿನ ದಕ್ಕೆಯಲ್ಲಿ
ತನಗಿಂತ ಭಾರದ ಟ್ಯೂನಾ ಮೀನನ್ನು ಹೆಗಲಿಗೇರಿಸಿ ಓಡಿದವನು,
ಐವತ್ತು ಕಿಲೋ ಎಂಟುನೂರು ಗ್ರಾಮಿನೊಳಗೆ ನುಸುಳಲು
ನಿನ್ನೆಯಿಂದ ನೀರು ಮುಟ್ಟದವನು.
ನಡುವೆ ನಾನು, ಮಡಿಲಲ್ಲಿ ಕೈಚೀಲ.

ರೆಂಜಿ ಮೈಕು ಎತ್ತಿಕೊಂಡ:
"ಈ ಅಜ್ಜನನ್ನು ಒಳಗೆ ಬಿಟ್ಟವರು ಯಾರು?
ಮೊಮ್ಮಗ ಕಳೆದುಹೋಗಿದ್ದಾನಾ?"
ನಾನು: "ನಿನಗೆ ವಯಸ್ಸಾಯಿತು ಅನ್ನುತ್ತಿದ್ದಾನೆ."
ರೊಡೆಲಿಟೊ: "ಆಯಿತಲ್ಲ."

ಕೆಟ್ಟ ಸುದ್ದಿಯನ್ನು ನೆನೆಹಾಕಿ ಮೆತ್ತಗೆ ಮಾಡಿ ಕೊಡುವುದು
ಆಸ್ಪತ್ರೆಯಲ್ಲಿ ಹತ್ತಿದ ಚಟ.
ಪಂದ್ಯದ ಮಾಲೀಕರು ಹಿಂದಿನಿಂದ ನನ್ನ ಕುರ್ಚಿಗೆ ತಟ್ಟಿದರು.
ಸರಿ, ಕೂಲಿ ಕೊಡುವುದು ಬೈಗುಳಕ್ಕೆ.

"ನಾನು ಮುಖಕ್ಕೆ ಹೊಡೆಯಲ್ಲ,
ಕೆಡಿಸಲು ಅಲ್ಲೇನೂ ಉಳಿದಿಲ್ಲ" ಎಂದ ಹುಡುಗ.
ಇದನ್ನು ಒಂದಕ್ಷರ ನುಂಗದೆ ಹೇಳಿದೆ.
ರೊಡೆಲಿಟೊ ಮೂಗು ಮುಟ್ಟಿ ನೋಡಿಕೊಂಡ,
ಇದೆಯೋ ಇಲ್ಲವೋ ಎಂಬಂತೆ.

ಪತ್ರಿಕೆಯವನ ಲೆಕ್ಕದಲ್ಲಿ ಐದನೇ ಸುತ್ತು.
ಟಿವಿಯವಳು ಏಳು ಎಂದಳು, ಏಳಕ್ಕೆ ಜಾಹೀರಾತು ಮುಗಿದಿರುತ್ತದೆ.
ಫೋಟೋ ಹಿಡಿಯುವವನೊಬ್ಬ ನನ್ನನ್ನೂ ಕೇಳಿದ.
ದುಭಾಷಿಗೆ ಭವಿಷ್ಯ ಇಲ್ಲ ಅಂದೆ.

ಆಗ ರೆಂಜಿ ಎದ್ದು ನಿಂತ, ಮೂರು ಬೆರಳು ಎತ್ತಿದ:
"ಮೂರನೇ ಸುತ್ತು. ಒಂದೇ ಪೆಟ್ಟಿಗೆ
ಪೆಟ್ಟಿಗೆಯಲ್ಲಿ ಮಲಗಿಸಿ ಮನೆಗೆ ಕಳಿಸ್ತೀನಿ!"

ಪೆಟ್ಟಿಗೆ.
ಬಾಯಿಗೆ ಬಂದದ್ದು ಆ ಪದ ಒಂದೇ, ಬೇರೆ ಸಿಗಲಿಲ್ಲ.
ನಮ್ಮವರಿಗೆ ಪೆಟ್ಟಿಗೆ ಎಂದರೆ
ಸೊಂಟದೆತ್ತರದ ರಟ್ಟು, ಒಳಗೆ ಸೋಪು, ಹಾಲಿನಪುಡಿ,
ಅಣ್ಣನ ಮಗನ ಬೂಟು, ಬೂಟಿನೊಳಗೂ ಜಾಗ ಬಿಡದೆ ಸಾಕ್ಸು,
ಸಾಕ್ಸಿನೊಳಗೆ ನೋವಿನೆಣ್ಣೆಯ ಸೀಸೆ.
ಹಡಗಿನಲ್ಲಿ ನಲವತ್ತು ದಿನ.
ತಲುಪಿದ ದಿನ ಬೀದಿಗೆ ಬೀದಿಯೇ ಬಾಗಿಲಲ್ಲಿ.

ರೊಡೆಲಿಟೊ ಒಡೆದ ತುಟಿಯಲ್ಲೇ ನಕ್ಕ, ರಕ್ತ ಜಿನುಗಿತು:
"ಸಾಗಣೆಯ ಖರ್ಚು ಅವನದೇನಾ, ಕೇಳಿ ಅಕ್ಕಾ.
ಮೂಲೆಯಲ್ಲಿ ಜಾಗ ಇದ್ದರೆ ಚಾಕೊಲೇಟೂ ಹಾಕಲಿ,
ಮಗಳಿಗೆ. ಹಸಿರು ಚಹದ್ದು."

ಜಪಾನಿಯಲ್ಲಿ ಹೇಳಿದೆ.
ಸಭೆ ಬಿದ್ದು ಬಿದ್ದು ನಕ್ಕಿತು, ಮಾಲೀಕರೂ.
ನಗದವನು ಒಬ್ಬನೇ,
ಅವನ ಕಿವಿ ಕೂದಲಿನ ಬಣ್ಣಕ್ಕೆ ತಿರುಗಿತ್ತು.

ತೂಕ ಸರಿಹೋಯಿತು, ಇಬ್ಬರದ್ದೂ.
ಹಣೆಗೆ ಹಣೆ ತಾಗಿಸಿ ನಿಲ್ಲಿಸಿದರು.
ಕ್ಯಾಮೆರಾಗಳು ಬೆಂಕಿ ಎಂದು ಬರೆದುಕೊಂಡ ಕಣ್ಣುಗಳಲ್ಲಿ
ಹತ್ತಿರದಿಂದ ನಾನು ಕಂಡದ್ದು ಬಾಯಾರಿಕೆ.
ಇಳಿದದ್ದೇ ಇಬ್ಬರೂ ಬಾಟಲಿಗೆ ಬಿದ್ದರು
ಕರು ಕೆಚ್ಚಲಿಗೆ ಬಿದ್ದ ಹಾಗೆ,
ಗಂಟಲಿನ ಗುಳುಗುಳು
ಯಾವ ಭಾಷೆಯೂ ಅಲ್ಲ, ನನಗೆ ಕೆಲಸವಿರಲಿಲ್ಲ.

ಲಿಫ್ಟಿನ ಬಳಿ ಹುಡುಗ ಹಿಂದಿನಿಂದ ಬಂದ.
ಟವೆಲ್ಲು ತಲೆಯ ಮೇಲೆ, ಧ್ವನಿ ನೆಲದ ಮೇಲೆ.
"ಅವನು ಯಾಕೆ ನಕ್ಕ?"
ಹೇಳಿದೆ. ಸೋಪು, ಬೂಟು, ಬೀದಿ.
ಸುಮ್ಮನೆ ನಿಂತ. ಎರಡು ಲಿಫ್ಟು ಬಂದು ಹೋದವು.
"ಮೂರನೇ ಸುತ್ತು ಅಂದದ್ದು ಅಂದದ್ದೇ" ಎಂದ.
ಆಮೇಲೆ, "ಆ ಮಗಳಿಗೆ ಎಷ್ಟು ವರ್ಷ?"

ಏಳಿರಬಹುದು, ಎಂಟಿರಬಹುದು. ಗೊತ್ತಿಲ್ಲ ಅಂದೆ.
ಕೇಳದೆ ಇದ್ದದ್ದನ್ನು ದಾಟಿಸುವುದು ಹೇಗೆ?

ಮನೆಗೆ ಬಂದೆ. ಹಜಾರದಲ್ಲಿ ನನ್ನದೇ ಪೆಟ್ಟಿಗೆ,
ಮೂರು ತಿಂಗಳಿಂದ ಅರೆಬರೆ ತುಂಬಿದ್ದು, ಬಾಯಿ ತೆರೆದುಕೊಂಡೇ.
ಸೋಪಿನ ಮೇಲೆ ಒಂದು ಮುಷ್ಟಿ ಇಟ್ಟು ನೋಡಿದೆ.
ಜಾಗ ಇನ್ನೂ ಇದೆ.
ನಾಳೆ ಸಂಜೆ ಆರಕ್ಕೆ ಗಂಟೆ ಹೊಡೆಯುತ್ತದೆ.
ಅಲ್ಲಿಯವರೆಗೆ ಟೇಪು ಹಚ್ಚುವುದಿಲ್ಲ.