ಹುಣಸೆ ಬೀಜದ ಲೆಕ್ಕ

ಮಾಘ ಮುಗಿಯುವ ಮುಂಚೆಯೇ
ಶಾಲೆಯ ಅಂಗಳದಲ್ಲಿ ಊರು ಬರೆದೆವು.
ಸುಣ್ಣದ ಗೆರೆ ಆಳಂದದ ರಸ್ತೆ, ಇಟ್ಟಂಗಿ ಪುಡಿ ಮನೆಗಳು,
ಕರಿ ಹೊಲಕ್ಕೆ ಒಲೆಯ ಮಸಿ.
ಹಳ್ಳಕ್ಕೆ ಲಾಲಬಿ ತನ್ನ ಓಢಣಿಯನ್ನೇ ಹಾಸಿದಳು:
'ಹರಕ ಅದ. ಹಳ್ಳಾನೂ ಹಂಗೇ ಅದ.'

ನೀರಿಗೆ ಹುಣಸೆ ಬೀಜ.
ಎಲ್ಲಿ ಎಷ್ಟು ಉಳಿದದ, ಅಷ್ಟು ಇಡ್ರಿ ಅಂದೆ.
ಬರೆಯುವವ ನಾನು, ಇಡುವವರು ಅವರು.

ಭೀಮಶಾ ತನ್ನ ಬೋರಿಗೆ ಮುಷ್ಟಿ ತುಂಬ ಸುರುವಿದ.
ಶಿವಕಾಂತಮ್ಮ ಬಗ್ಗಿ ಒಂದೊಂದೇ ಹೆಕ್ಕಿದಳು:
'ಹೋಳಿ ಹುಣ್ಣಿವಿಗೆ ಕೆಮ್ಮತದ,
ಯುಗಾದಿಗೆ ಬರೀ ಗಾಳಿ ಕಾರತದ.
ನಿನ್ನ ಕಬ್ಬಿನ ಬಾಯಿ ದೊಡ್ಡದು.'
ಮೂರು ಬೀಜ ಉಳಿದವು.
ಆತ ನಕ್ಕ. ಆಮೇಲೆ ನಗಲಿಲ್ಲ.

ಹಿಂದಿನ ಬರ ಯಾವ್ಯಾವು, ಕೇಳಿದೆ.
ಇಸವಿ ಯಾರಿಗೂ ನೆನಪಿಲ್ಲ.
ಒಬ್ಬರಿಗೆ ಬಿಳಿ ಎತ್ತು ಮಾರಿದ ವರ್ಷ,
ಒಬ್ಬರಿಗೆ ಟ್ಯಾಂಕರಿನ ಹಿಂದೆ ಓಡಿ ಹಲ್ಲು ಮುರಿದ ವರ್ಷ,
ತೊಗರಿ ಹೂವಾಗಿ, ಹೂವಾಗಿಯೇ ಉದುರಿದ ವರ್ಷ.
ಕಡ್ಡಿ ಹಿಡಿದು ಎಣಿಸಿದರೆ
ಮೂರು ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಬರುವ ನೆಂಟ.
ನಾವು ಮಾತ್ರ ಪ್ರತಿ ಸಲ
ಹೇಳದೆ ಕೇಳದೆ ಬಂದ್ಯಲ್ಲಾ ಅಂತ
ಬಾಗಿಲಲ್ಲಿ ನಿಂತು ಬೆರಗಾಗುತ್ತೇವೆ.

ಆಗ ಜಗದೇವಿ ಎದ್ದಳು.
ನಕ್ಷೆಯ ಅಂಚು ದಾಟಿ,
ನಾನು ಚೀಲ ಇಟ್ಟಿದ್ದ ಜಾಗಕ್ಕೆ ಬಂದು
ಚೀಲ ಸರಿಸಿ, ಬೂದಿಯಿಂದ ಒಂದು ಸುತ್ತು ಹಾಕಿದಳು.
'ಇಲ್ಲಿ ನಮ್ಮ ಓಣಿ ಅದ.
ಓಣಿ ತುದಿಗೆ ಬಾಂವಿ ಅದ.
ಎಪ್ಪತ್ತೆರಡರಾಗೂ ಬತ್ತಿಲ್ಲ, ನಮ್ಮತ್ತಿ ಹೇಳತಿದ್ದಳು.
ನೀವ್ಯಾರೂ ಇಣುಕಿಲ್ಲ, ಅದಕ ಗೊತ್ತಿಲ್ಲ.'

ಬೀಜದ ಡಬ್ಬಿ ಅವಳ ಕೈಗೆ ಕೊಟ್ಟೆ.
ಎಣಿಸಿ ಇಟ್ಟಳು: ಒಂಬತ್ತು.
ಗಾಳಿಗೆ ಇಟ್ಟಂಗಿ ಪುಡಿ ಒಂದಿಷ್ಟು ಹಾರಿತು,
ಯಾರೋ ಗಂಟಲು ಸರಿಮಾಡಿಕೊಂಡರು,
ಆಡೊಂದು ಬಂದು ಹಳ್ಳವನ್ನು ಮೂಸಿ ಹೋಯಿತು.

ಕೇಳಬೇಕಾದದ್ದು ಎಲ್ಲರಿಗೂ ಗೊತ್ತಿತ್ತು.
ಕೇಳಿದವಳು ಶಿವಕಾಂತಮ್ಮ, ಬೇರೆಲ್ಲೋ ನೋಡುತ್ತ:
'ನಮಗ ಕೊಡತೀರೇನ?'
ಜಗದೇವಿ ಸೆರಗಿಗೆ ಬೂದಿ ಒರೆಸಿಕೊಂಡಳು.
'ಹಗ್ಗ ನಮ್ಮದು, ಅಳತಿ ನಮ್ಮದು.
ಅಮಾಸಿಗೊಮ್ಮೆ ಎಲ್ಲಾರೂ ಬಂದು ನೋಡ್ರಿ.
ಕೊಡಕ್ಕ ಕೊಡತೀವಿ, ಕಬ್ಬಿಗಲ್ಲ.'

ರಿಜಿಸ್ಟರಿನಲ್ಲಿ ಸಹಿಗೆಂದು ಜಾಗ ಬಿಟ್ಟಿದ್ದೆ.
ಅದರ ಕೆಳಗೆ ಈಗ ಮೊದಲ ಅಳತೆ:
ಅಮಾವಾಸ್ಯೆ, ಬೆಳಿಗ್ಗೆ, ಹದಿಮೂರು ಜನ.
ನೀರು ಹನ್ನೊಂದು ಮೊಳ, ಮೇಲೆ ನಾಲ್ಕು ಬೆರಳು.
ಭೀಮಶಾನ ಸಹಿ ಇನ್ನೂ ಬಂದಿಲ್ಲ.