ತಿಜೋರಿಯೊಳಗಿನ ಹುದುಗು

ಮಾರ್ಚ್ ತಿಂಗಳ ಮಂಗಳವಾರ. ಬೀದಿಯಂಚಿನ ಹಿಮ
ಮಸಿ ಹತ್ತಿ ಒಲೆಗಲ್ಲಿನ ಹಾಗೆ ಕರ್ರಗೆ.
ಬೂಟು ಒದರಿ ಒಳಗೆ ಬಂದೆ.
ಸುಪೀರಿಯರ್ ಸರೋವರದ ಗಾಳಿಯೂ ಬೆನ್ನ ಹಿಂದೆಯೇ
ನುಸುಳಿತು. ಬಾಗಿಲು ಹಾಕಿಕೋ, ಅಂದರು ಯಾರೋ.

ಮೂರನೇ ಬೀದಿಯ ಮೂಲೆಯ ಈ ಕೆಂಪು ಕಲ್ಲಿನ ಕಟ್ಟಡ
ಮೊದಲು ಬ್ಯಾಂಕು. ಅದಿರಿನ ಹಡಗುಗಳ ಕಾಲದಲ್ಲಿ
ಸಂಬಳದ ಶುಕ್ರವಾರ ಫುಟ್‌ಪಾತಿನವರೆಗೂ ಸಾಲು.
ಈಗ ಇಲ್ಲೇ ಕುದಿಸಿ, ಇಲ್ಲೇ ಹುಳಿಸಿ, ಇಲ್ಲೇ ಸುರಿಯುತ್ತಾರೆ ಬಿಯರು.
ದುಂಡನೆಯ ಉಕ್ಕಿನ ಬಾಗಿಲು ಹಗಲಿರುಳು ತೆರೆದೇ ಇರುತ್ತದೆ,
ಕೀಲಿ ಎಲ್ಲಿ ಹೋಯಿತೋ.
ಒಳಗೆ ನಾಲ್ಕು ಸ್ಟೀಲ್ ಹಂಡೆ
ಗುಳು ಗುಳು ಗುಳು.
ಆಗ ಅಲ್ಲಿ ಹುದುಗಿದ್ದದ್ದು ಊರಿನ ದುಡ್ಡು.
ಈಗ ಹುದುಗುತ್ತಿರುವುದು ಜವೆಗೋಧಿ.

ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ:
ಕಂದು ಏಲ್ ಐದೂಕಾಲು, ಪೋರ್ಟರ್ ಆರು,
ಚಳಿಗಾಲದ ಗಟ್ಟಿ ಬಿಯರು ಒಂಬತ್ತು ಪರ್ಸೆಂಟು.
ಅದೇ ಗೋಡೆ, ಅದೇ ಎತ್ತರ.
ಆಗ ಅಲ್ಲಿ ಬಡ್ಡಿ ದರ ತೂಗುತ್ತಿತ್ತು:
ಮನೆಗೆ ಹನ್ನೊಂದು, ದೋಣಿಗೆ ಹದಿಮೂರೂವರೆ.
ಯಾವುದು ಬೇಗ ತಲೆಗೇರುತ್ತದೆಂದು
ಆಗ ನನಗೆ ತಿಳಿದಿರಲಿಲ್ಲ.

‘ಎಂದಿನದೇನಾ, ಆರಿನ್?’
ಬ್ರಿನ್‌ಳ ಮೊಣಕೈಯಲ್ಲಿ ಹಚ್ಚೆಯ ಮೀನು; ಲೋಟ ತುಂಬಿಸುವಾಗ
ಅದೂ ಸ್ವಲ್ಪ ಈಜುತ್ತದೆ.
ಕಂದು ಏಲ್ ಬಂತು, ಎರಡು ಬೆರಳು ನೊರೆ.
ಎಣ್ಣೆ ಕಾಗದದ ಬುಟ್ಟಿಯಲ್ಲಿ ಆಲೂಗಡ್ಡೆ, ವಿನೆಗರ್ ಘಾಟು,
ಕರಿದ ವೈಟ್‌ಫಿಶ್ ಇಟ್ಟ ಬನ್ನು.
ತಾಜಾ ಮೀನು.
ಇನ್ಯಾರದೋ ದೋಣಿಯದು.

ಆಗ ಬಂದರು ಲೋವೆಲ್ ಹಾಪಲಾ,
ವಾಕರಿನ ಕಾಲುಗಳಿಗೆ ಹಸಿರು ಟೆನಿಸ್ ಚೆಂಡು ಸಿಕ್ಕಿಸಿಕೊಂಡು,
ನೆಲಕ್ಕೆ ಸದ್ದೇ ಆಗದ ಹಾಗೆ.
‘ಇಲ್ಲಿ ಯಾರಾದರೂ ಇದ್ದಾರಾ?’
ಇರಲಿಲ್ಲ. ಕೂತರು. ಸರಿಸುಮಾರು ಅಲ್ಲೇ
ಕಿಟಕಿಯ ಪಕ್ಕ ಅವರ ಮೇಜಿದ್ದದ್ದು,
ಎದುರಿಗೆ ನಾನು ಟೋಪಿ ಮಡಿಲಲ್ಲಿಟ್ಟುಕೊಂಡು
ಮೂವತ್ತೆರಡು ಅಡಿಯ ದೋಣಿಯ ಚಿತ್ರ ತೋರಿಸಿದ್ದು.
ನೀಲಿ ಅಂಚು. ಹೆಸರನ್ನೂ ಇಟ್ಟುಬಿಟ್ಟಿದ್ದೆ,
ಹೆಂಡತಿಗೂ ಹೇಳಿರಲಿಲ್ಲ.
ಅವರು ಕಾಗದ ತಿರುವಿದರು, ಮತ್ತೆ ತಿರುವಿದರು:
‘ಆದಾಯ ಸಾಲದು.’
ಸಾಲದು ಅಂದಮೇಲೆ ಸಾಲ ಎಲ್ಲಿಯದು.
ಇಪ್ಪತ್ತೇಳು ವರ್ಷ ಶಾಲೆಗಳ ಬಾಯ್ಲರ್ ರಿಪೇರಿ ಮಾಡಿದೆ.

ನನ್ನ ಗುರುತು ಅವರಿಗೆ ಹತ್ತಲಿಲ್ಲ.
ಕೊಲ್ಲಿಯ ಮಂಜುಗಡ್ಡೆ ಬಿರಿಯುತ್ತಿದೆಯಂತೆ,
ಸೊಂಟದ ಆಪರೇಷನ್ ಎರಡನೇ ಸಲವಂತೆ,
ಪೋರ್ಟರ್ ಮೊದಲಿಗಿಂತ ಕಹಿಯಂತೆ.
ಮೀಸೆಯ ನೊರೆಯನ್ನು ನಾಲಿಗೆಯಿಂದಲೇ ಒರೆಸಿಕೊಂಡರು,
ಮಗುವಿನ ಹಾಗೆ.
ಕೊನೆಗೆ ಜೇಬು ತಡಕಿದರು.
ಕೋಟು. ಅಂಗಿ. ಮತ್ತೆ ಕೋಟು.
ಒಂದು ಗುಂಡಿ, ಮಾತ್ರೆಯ ಡಬ್ಬಿ, ಮುದುರಿದ ಕರವಸ್ತ್ರ
ಅಮೃತಶಿಲೆಯ ಕಟ್ಟೆಯ ಮೇಲೆ ಸಾಲಾಗಿ ಕೂತವು.
ಪರ್ಸು ಮನೆಯಲ್ಲಿ.

ಬ್ರಿನ್ ತಲೆ ಎತ್ತಲೂ ಇಲ್ಲ.
‘ಬರೋ ಮಂಗಳವಾರ ಕೊಡಿ, ಮಿಸ್ಟರ್ ಹಾಪಲಾ.’
ಅರ್ಜಿಯಿಲ್ಲ, ಅಡಮಾನವಿಲ್ಲ,
ಇಬ್ಬರ ಜಾಮೀನು ರುಜುವಿಲ್ಲ.
ಲೋಟ ತೊಳೆಯುತ್ತ ತೊಳೆಯುತ್ತ ಮಂಜೂರು.

ಸುಳ್ಳೇಕೆ, ನನ್ನ ಕೈ ಜೇಬಿನಲ್ಲೇ ಇತ್ತು,
ಹತ್ತು ಡಾಲರಿನ ನೋಟನ್ನು ಮುಟ್ಟಿಕೊಂಡು.
ಈಚೆಗೆ ಬರಲಿಲ್ಲ.
ಅವರ ಕಿವಿ ಕೆಂಪಾಗಿತ್ತು. ‘ನಾನು ಯಾವತ್ತೂ ಹೀಗೆ…’
‘ಗೊತ್ತು,’ ಅಂದೆ.
ತಿಜೋರಿಯ ಕಡೆ ನೋಡುತ್ತ ಕೂತೆವು ಇಬ್ಬರೂ.
ಗುಳು ಗುಳು. ಎಷ್ಟು ದಿನ ಬೇಕೋ ಅಷ್ಟು ದಿನ,
ಅದಕ್ಕೆ ಅವಸರವಿಲ್ಲ.

ಆಲೂಗಡ್ಡೆಯ ಬುಟ್ಟಿಯನ್ನು ಅವರತ್ತ ತಳ್ಳಿದೆ.
ಒಂದು ತಿಂದರು. ಬೆರಳು ನೆಕ್ಕಿ
ಇನ್ನೊಂದು.
ಯೋಚಿಸಿ, ಹಳೆಯ ಆ ದನಿಯಲ್ಲೇ ಹೇಳಿದರು:
‘ಉಪ್ಪು ಸಾಲದು.’

ಉಪ್ಪಿನ ಡಬ್ಬಿ
ನನ್ನ ಕೈಗೇ ಹತ್ತಿರವಿತ್ತು.