ಹೊರಸಿಪ್ಪೆ

ಒಲೆಯ ಕಡೆಗೆ ಕೂತುಕೋ, ಲೀವಿ. ಪೈಪುಸ್ ಸರೋವರದ ಗಾಳಿಗೆ
ಮಾರ್ಚ್ ತಿಂಗಳಲ್ಲೂ ಹಲ್ಲಿರುತ್ತದೆ.
ಟಾರ್ಟುವಿನಿಂದ ಬಸ್ಸು ಹತ್ತಿ ಇಷ್ಟು ದಪ್ಪ ಕಾಗದ ಹೊತ್ತು ಬಂದೆಯಲ್ಲ,
ಸತ್ತವನ ಊಟದ ಲೆಕ್ಕ ಕೇಳಲಿಕ್ಕೆ!
ಕೇಳು. ನಲವತ್ತೇಳು ವರ್ಷ
ಸವ್ವಾತಿಗೆ ಬಡಿಸಿದವಳು ನಾನೇ.

ವಾರಕ್ಕೆ ಎಷ್ಟು ಈರುಳ್ಳಿ?
ಮೀನಿಗೆ ದಿನಕ್ಕೆ ಎಷ್ಟು ನೀರು ಅಂತ ಕೇಳಿದ ಹಾಗಾಯಿತು.
ಕಿಟಕಿಯಾಚೆ ನೋಡು, ಆ ಎತ್ತರದ ಮಡಿಗಳು.
ಪ್ರಾರ್ಥನೆಗಿಂತ ಹೆಚ್ಚು ನಾವು ಮಂಡಿಯೂರಿದ್ದು ಅಲ್ಲಿ.
ಉಪ್ಪು ಹಚ್ಚಿ ಹಸಿಯಾಗಿ, ಕರಿ ರೊಟ್ಟಿಯ ಮೇಲೆ,
ಕಡುಬಿನೊಳಗೆ, ಪರ್ಚ್ ಮೀನಿನ ಹೊಟ್ಟೆಯೊಳಗೆ.
ನಿನ್ನ ಹಾಳೆಯ ಕೊನೇ ಚೌಕ ಯಾವುದು?
'ದಿನಕ್ಕೆ ಎರಡಕ್ಕಿಂತ ಹೆಚ್ಚು.'
ಅದರ ಪಕ್ಕ ಇನ್ನೊಂದು ಚೌಕ ನೀನೇ ಗೀಚಿಕೋ.

ಸೇಬು? ಹಿತ್ತಲಲ್ಲಿ ಎರಡು ಮರ, ಕಾಯಿಬಿಟ್ಟ ವರ್ಷ.
ಎಲೆಕೋಸು? ಪೀಪಾಯಿಗಟ್ಟಲೆ, ಹುಳಿ ಬರಿಸಿ.
ಚಹಾ? ಅದನ್ನು ಸಮೊವಾರನ್ನೇ ಕೇಳು.
ಬ್ರೊಕೊಲಿ? ಟೀವಿಯಲ್ಲಿ ನೋಡಿದ್ದೇವೆ.
ತಂಬಾಕು?

ಇಲ್ಲ.
ನಾವು ಹಳೆಯ ವಿಧಿಯವರು, ಎರಡು ಬೆರಳಿಂದ ಶಿಲುಬೆ ಬರೆಯುವವರು.
ನಮ್ಮ ಅಂಗಳದಲ್ಲಿ ಹೊಗೆಯಾಡಿದರೆ
ಅದು ಮೀನಿನ ಒಲೆಯದು.
ಇಲ್ಲ ಅಂತಲೇ ಬರಿ. ಚಹಾ ಆರುತ್ತಿದೆ, ಕುಡಿ.

ಜಠರದ ಬೆನ್ನಿಗೆ ಅವಿತು ಮಲಗಿರುತ್ತದಂತೆ ಆ ಗ್ರಂಥಿ.
ಅದಕ್ಕೂ ತಲೆ, ನಡು, ಬಾಲ ಅಂತ ಇದೆಯಂತೆ,
ಡಾಕ್ಟರು ಚಿತ್ರ ಬರೆದು ತೋರಿಸಿದಳು: ಗಡ್ಡೆ ತಲೆಯಲ್ಲಿ.
ಸವ್ವಾತಿ ನಕ್ಕುಬಿಟ್ಟ.
'ಐವತ್ತು ವರ್ಷ ಬಲೆ ಬೀಸಿದವನ ಒಳಗೇ
ಒಂದು ಮೀನು ಇತ್ತಲ್ಲ' ಅಂದ.
ಆಮೇಲೆ ಅವನು ನಕ್ಕದ್ದು ನನಗೆ ನೆನಪಿಲ್ಲ.

ಏನಂದೆ ಅದರ ಹೆಸರು, ಕ್ವೆರ್ಸೆಟಿನ್?
ಈರುಳ್ಳಿಯಲ್ಲಿದೆ, ಹೊರಗಿನ ಪದರಗಳಲ್ಲೇ ಹೆಚ್ಚು,
ನಾವು ಸುಲಿದು ಎಸೆಯುವ ಸಿಪ್ಪೆಯಲ್ಲಿ ಎಲ್ಲಕ್ಕಿಂತ ಹೆಚ್ಚು.
ಹಳದಿ ಬಣ್ಣದ್ದು.
ಆ ಹಳದಿ ನನಗೆ ಗೊತ್ತು, ಮಗಳೇ.
ಹೋದ ವರ್ಷ ಈಸ್ಟರಿಗೆ ಒಂದು ವಾರ ಇತ್ತು,
ಮೊಟ್ಟೆಗೆ ಬಣ್ಣ ಕಟ್ಟಲು ಸಿಪ್ಪೆ ಕುದಿಸುತ್ತಿದ್ದೆ.
ಒಳಕೋಣೆಯಿಂದ ಕರೆದ. ಹೋದೆ.
ಕಣ್ಣಿನ ಬಿಳಿಯೆಲ್ಲ, ಅಂಗೈಯೆಲ್ಲ
ಪಾತ್ರೆಯಲ್ಲಿದ್ದದ್ದೇ ಬಣ್ಣ.
ಮೊಟ್ಟೆಗಳನ್ನು ಬೆಕ್ಕೂ ಮುಟ್ಟಲಿಲ್ಲ.

ಇದು ಕಾಯುತ್ತದೋ ಇಲ್ಲವೋ ಖಚಿತವಿಲ್ಲ ಅಂದೆ ನೀನು.
ಮೂರು ಸಲ ಅಂದೆ.
ಪ್ರಾರ್ಥನಾಮಂದಿರದಲ್ಲೂ ಇಷ್ಟು ನಿಯತ್ತಾಗಿ
'ಗೊತ್ತಿಲ್ಲ' ಅಂದವರನ್ನು ನಾನು ಕಂಡಿಲ್ಲ.
ಕಾದರೂ ಕಾಯಬಹುದು, ಅದೂ ಸೇದುವವರನ್ನೇ
ತುಸು ಹೆಚ್ಚಾಗಿ, ಅಂದೆಯಲ್ಲ,

ಆ ಎರಡನೇ ಪುಟ ತೆಗಿ.
ಪೆನ್ಸಿಲ್ಲಿನಲ್ಲೇ ತಾನೇ ಬರೆದದ್ದು?

ದೋಣಿಯ ಹಲಗೆಯಡಿ ತಗಡಿನ ಡಬ್ಬಿ ಇರುತ್ತಿತ್ತು.
ದಡ ಕಣ್ಣಿಗೆ ಬಿದ್ದೊಡನೆ ಹಸಿ ಈರುಳ್ಳಿ ಕಚಕಚ ಜಗಿದು
ಬಾಯ ವಾಸನೆ ಮುಚ್ಚಿಕೊಂಡು ಬರುತ್ತಿದ್ದ ಪುಣ್ಯಾತ್ಮ.
ಬಾಗಿಲಲ್ಲೇ ನನಗೆ ಲೆಕ್ಕ ಸಿಕ್ಕುತ್ತಿತ್ತು:
ಒಂದು ಗಡ್ಡೆ ಘಾಟಾದರೆ ಎರಡು ಸಿಗರೇಟು,
ಬಿರುಗಾಳಿಯ ದಿನ ಮೂರು ಗಡ್ಡೆ.
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಊರು ಅವನನ್ನು ಪಂಕ್ತಿಯಿಂದ ಎಬ್ಬಿಸದಿರಲಿ ಅಂತ
ಬುಟ್ಟಿಗೆ ದಿನಾ ಎರಡು ಗಡ್ಡೆ ಹೆಚ್ಚಿಗೆ ಹಾಕಿದವಳು ನಾನು,
ನೀಟಾಗಿ ಸುಲಿದು,
ಬೆಳ್ಳಗೆ.

ಈಗ ಹೇಳು, ಓದಿದವಳು ನೀನು.
ಹಸಿವಿಗೆ ತಿಂದದ್ದಕ್ಕೆ ಒಂದು ಚೌಕ,
ಸುಳ್ಳಿಗೆ ತಿಂದದ್ದಕ್ಕೆ ಇನ್ನೊಂದು ಇದೆಯೇ?
ಇಲ್ಲದಿದ್ದರೆ ಬಿಡು, ಒಟ್ಟಿಗೇ ಕೂಡಿಸು.

ಹೊರಡುವಾಗ ಆ ಜಡೆ ಇಳಿಸಿಕೋ ಗೋಡೆಯಿಂದ,
ಇಪ್ಪತ್ತೆರಡು ಗಡ್ಡೆ, ನಾನೇ ಹೆಣೆದದ್ದು.
ದುಡ್ಡಿನ ಮಾತು ಬೇಡ.
ಸಿಪ್ಪೆ ಮಾತ್ರ ಬಸ್ಸಿನಲ್ಲೆಲ್ಲ ಉದುರುತ್ತದೆ,
ಡ್ರೈವರ್ ಬೈದಾನು.